ಮೋಟಾರು ಶಾಸ್ತ್ರವೂ ನಮ್ಮ ಹೆಣ್ಣುಮಕ್ಕಳೂ

"ಎಂಜಿನಿಯರಿಂಗ್ ಓದಿದ್ದು ಸಾಲದೇ ಅಮ್ಮನವರೇ? ಮೋಟಾರು ಶಾಸ್ತ್ರದಲ್ಲಿ ಡಾಕ್ಟರ್ ಪದವಿ ಹೆಣ್ಣಿಗೇತಕ್ಕೆ?" ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಈಚೆಗೆ ನನ್ನನ್ನು ಕೇಳಿದರು. ಖರ್ಚಿನ ಚಿಂತೆ ಅಷ್ಟಾಗಿ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂತಹ ಕಡೆಗಳಲ್ಲಿ ಸಂಶೋಧನೆಗೆ ವಿದ್ಯಾರ್ಥಿವೇತನವುಂಟು. ಆದರೆ ಇನ್ನೂ ನಾಲ್ಕೈದು ವರ್ಷ, ಮೇಲಾಗಿ ಮದುವೆಯ ವಯಸ್ಸು: ಅವರ ಚಿಂತೆಯು ಹಗುರವಾದುದೆಂದು ನಾನು ಹೇಳಲಾರೆ. ಆದಾಗ್ಯೂ ಪೋಷಕ ಮಹನೀಯರು ಒಂದು ಸಂಗತಿಯನ್ನು ಪರಾಮರ್ಶಿಸಬೇಕೆಂದು ಬಿನ್ನವಿಸುತ್ತೇನೆ.

ಕಾರುಗಳ ಭದ್ರತೆಯನ್ನು ಪರೀಕ್ಷಿಸುವಾಗ ಮನುಷ್ಯಾಕಾರದ ಬೊಂಬೆಗಳನ್ನು ಒಳಗೆ ಕುಳ್ಳಿರಿಸಿ ಡಿಕ್ಕಿ ಹೊಡೆಸುತ್ತಾರೆ. ದಶಕಗಳ ಕಾಲ ಅದಕ್ಕೆ ಗಂಡಸಿನ ದೇಹವೇ ಅಳತೆಯಾಗಿತ್ತು. ಹೆಂಗಸಿನದೆಂದು ಬಳಸಿದುದು ಬಹುಮಟ್ಟಿಗೆ ಅದನ್ನೇ ಕುಗ್ಗಿಸಿ ಮಾಡಿದ ಗಿಡ್ಡ ಬೊಂಬೆ. ಹಿಂದಿನಿಂದ ಡಿಕ್ಕಿಯಾದಾಗ ಕುತ್ತಿಗೆಯ ಪೆಟ್ಟು ಸ್ತ್ರೀಯರಿಗೇ ಹೆಚ್ಚೆಂಬುದು ತಿಳಿದಿದ್ದರೂ ಹೀಗೆಯೇ ನಡೆದುಬಂದಿತು! ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾನಿಲಯದಲ್ಲಿ ಈ ಪೆಟ್ಟನ್ನು ಕುರಿತೇ ಸಂಶೋಧಿಸಿ ಡಾಕ್ಟರ್ ಪದವಿ ಪಡೆದ ಆಸ್ಟ್ರಿಡ್ ಲಿಂಡರ್ ಎಂಬಾಕೆಯ ನೇತೃತ್ವದಲ್ಲಿ, 162 ಸೆಂಟಿಮೀಟರು ಎತ್ತರ, 62 ಕಿಲೋಗ್ರಾಂ ತೂಕದ ಸಾಮಾನ್ಯ ಸ್ತ್ರೀಯ ಬೊಂಬೆಯು 2022ರಲ್ಲಿ ಬೆಳಕಿಗೆ ಬಂದಿತು.

ಈಗಲಾದರೋ ಕ್ಯಾಮರಾ, ರೇಡಾರುಗಳಿಂದ ದಾರಿಯನ್ನು ನೋಡಿ ತಾವೇ ಬ್ರೇಕು ಹಾಕುವ ವಾಹನಗಳು ಬಂದಿವೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುವ ಹೆಂಗಸನ್ನು ಅಂತಹ ಯಂತ್ರವು ತಪ್ಪದೆ ಗುರುತಿಸಬೇಕಾದರೆ, ಆ ಬಗೆಯ ಚಿತ್ರಗಳಿಂದ ಅದಕ್ಕೆ ಮೊದಲೇ ಕಲಿಸಿರಬೇಕು. ಅಂತಹವರ ನಡುವೆ ಬೆಳೆದ ಹುಡುಗಿಗೆ ಈ ಯೋಚನೆಯು ಬೇಗನೆ ಹೊಳೆದೀತು.

ಆ ತಂದೆಯವರು ಇನ್ನೂ ಉತ್ತರ ಹೇಳಿಲ್ಲ. ಅರ್ಜಿಯ ಕಡೆಯ ದಿನ ಸಮೀಪಿಸಿದೆ. ಶಿಫಾರಸು ಪತ್ರವನ್ನು ನಾನು ಬರೆದಿಟ್ಟಿದ್ದೇನೆ.