ಸಹಿ ಬೇಕಾದ ಕಾಗದ

ದಸರಾ ಗೊಂಬೆಗಳು ಪೆಟ್ಟಿಗೆ ಸೇರಿವೆ. ದೀಪಾವಳಿಗೆ ಇನ್ನೂ ದಿನಗಳಿವೆ. ಈ ಎರಡು ಹಬ್ಬಗಳ ನಡುವಿನ ವಾರಕ್ಕೆ ಪಂಚಾಂಗದಲ್ಲಿ ವಿಶೇಷವೇನೂ ಇರುವುದಿಲ್ಲ. ರಜೆಯಿಲ್ಲ, ನೆಂಟರಿಲ್ಲ, ಒಬ್ಬಟ್ಟಿಲ್ಲ. ಆದರೆ ಓದುವ ಮಕ್ಕಳಿರುವ ಮನೆಗಳಲ್ಲಿ ಈ ವಾರಕ್ಕೊಂದು ಗುಟ್ಟಿರುತ್ತದೆ. ರಜೆಗೆ ಮುಂಚೆ ಬರೆದ ಪರೀಕ್ಷೆಯ ಅಂಕಗಳು ಕೈಗೆ ಬರುವುದು ಆಗಲೇ.

ಕೆಂಗೇರಿ ಉಪನಗರದಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಅಪ್ಪ ರಾಜಾಜಿನಗರದ ಸಣ್ಣ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವರು. ಅಮ್ಮ ಬಸವೇಶ್ವರನಗರದ ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುವವರು. ಮಗಳು ವಿಜಯನಗರದ ಕಾಲೇಜಿನಲ್ಲಿ ಮೊದಲ ಪಿಯುಸಿ, ವಿಜ್ಞಾನ. ಬೆಳಿಗ್ಗೆ ಬೀಗ ಹಾಕಿ ಹೊರಟರೆ ಮೂವರೂ ಮತ್ತೆ ಸೇರುವುದು ರಾತ್ರಿ ಊಟದ ಹೊತ್ತಿಗೇ.

ಸೋಮವಾರ ಮಗಳ ಕೈಗೆ ಭೌತಶಾಸ್ತ್ರದ ಉತ್ತರಪತ್ರಿಕೆ ಬಂತು. 70ಕ್ಕೆ 19. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 91 ತೆಗೆದು, ಬೀದಿಗೆಲ್ಲ ಸಿಹಿ ಹಂಚಿಸಿದ್ದ ಹುಡುಗಿ. ಹತ್ತನೇ ತರಗತಿಯಲ್ಲಿ ವಿಜ್ಞಾನವೆಂದರೆ ಒಂದೇ ವಿಷಯ. ಪಿಯುಸಿಗೆ ಬಂದೊಡನೆ ಅದು ಭೌತ, ರಸಾಯನ, ಜೀವಶಾಸ್ತ್ರವೆಂದು ಕವಲೊಡೆಯುತ್ತದೆ. ಗಣಿತದ ಭಾರ ಬೇರೆ. ಈ ಏರು ಹತ್ತುವಾಗ ಎಡವುವ ಮಕ್ಕಳು ಒಬ್ಬಿಬ್ಬರಲ್ಲ. ಆದರೆ ಎಡವಿದ ಪ್ರತಿಯೊಬ್ಬರಿಗೂ ತಾವೊಬ್ಬರೇ ಬಿದ್ದೆವೆಂದು ಅನ್ನಿಸುತ್ತದೆ. ‘ಶನಿವಾರದೊಳಗೆ ಮನೆಯವರ ಸಹಿ ಬೇಕು’ ಎಂದರು ಉಪನ್ಯಾಸಕರು. ಕಾಗದ ನಾಲ್ಕು ಮಡಿಕೆಯಾಗಿ ಚೀಲದ ತಳ ಸೇರಿತು.

ಮಂಗಳವಾರ ಅಪ್ಪನ ಸರದಿ. ‘ಈ ಸಲ ಆರ್ಡರ್ ಕಮ್ಮಿ ಕಣಪ್ಪ, ಬೋನಸ್ಸು ಸಂಕ್ರಾಂತಿ ಹೊತ್ತಿಗೆ ನೋಡೋಣ’ ಎಂದರು ಮಾಲೀಕರು. ಆ ದುಡ್ಡಿಗೆ ಮನೆಯಲ್ಲಿ ಆಗಲೇ ಲೆಕ್ಕ ಬರೆದಾಗಿತ್ತು. ಅಪ್ಪನೂ ಬಾಯಿ ಬಿಡಲಿಲ್ಲ. ಇನ್ನು ದೀಪಾವಳಿ ಎಂದರೆ ಹೊಲಿಗೆಯವರಿಗೆ ಸುಗ್ಗಿ. ಅಮ್ಮನ ಬಲಗೈ ಮಣಿಕಟ್ಟು ಊದಿತ್ತು. ಅಂಗಡಿಯಲ್ಲಿ ಸುತ್ತಿಕೊಂಡ ಬಟ್ಟೆಪಟ್ಟಿಯನ್ನು ಬಸ್ಸಿಳಿಯುವ ಮುಂಚೆ ಬಿಚ್ಚಿ ಬ್ಯಾಗಿಗೆ ಹಾಕುತ್ತಿದ್ದರು.

ಹಾಗೆಂದು ವಾರವೆಲ್ಲ ಬರೀ ನೋವೇ ಅಲ್ಲ. ಬೆಳಗಿನ ಹಾದಿಯಲ್ಲಿ ಆಕಾಶಮಲ್ಲಿಗೆ ಉದುರಿರುತ್ತದೆ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದ ಮೇಲೆ ಅಪ್ಪ-ಮಗಳಿಗೆ ವಿಜಯನಗರದವರೆಗೆ ಒಟ್ಟಿಗೇ ಪಯಣ. ಅಲ್ಲಿಂದ ಮುಂದೆ ಅಪ್ಪ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸುತ್ತಾರೆ. 2023ರಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಅಮ್ಮನಿಗೆ ಬಸ್ ಟಿಕೆಟ್ಟಿನ ಖರ್ಚಿಲ್ಲ. ಬುಧವಾರ ಆ ಉಳಿತಾಯದಲ್ಲೇ ತಳ್ಳುಗಾಡಿಯಿಂದ ಬಿಸಿಬಿಸಿ ಬೇಯಿಸಿದ ಕಡಲೆಕಾಯಿ ತಂದರು. ಮೂವರೂ ಸಿಪ್ಪೆ ರಾಶಿ ಹಾಕುತ್ತ ತಿಂದರು. ಹೇಳಬೇಕಾದ್ದನ್ನು ಯಾರೂ ಹೇಳಲಿಲ್ಲ.

ಬೆಂಗಳೂರಿಗೆ ಮುಂಗಾರೂ ಉಂಟು, ಹಿಂಗಾರೂ ಉಂಟು. ವರ್ಷದಲ್ಲಿ ಹೆಚ್ಚು ಮಳೆ ಸುರಿಯುವ ತಿಂಗಳುಗಳಲ್ಲಿ ಅಕ್ಟೋಬರ್ ಕೂಡ ಒಂದು. ಗುರುವಾರ ಸಂಜೆ ಸುರಿದ ಮಳೆಗೆ ಕರೆಂಟು ಹೋಯಿತು. ಕತ್ತಲಲ್ಲಿ ಮುಖ ಕಾಣುವುದಿಲ್ಲವೆಂಬುದೇ ಒಂದು ಧೈರ್ಯ.

‘ಅಪ್ಪಾ, ಫಿಸಿಕ್ಸ್‌ನಲ್ಲಿ ಹತ್ತೊಂಬತ್ತು ಬಂದಿದೆ.’

‘ಎಷ್ಟಕ್ಕೆ?’

‘ಎಪ್ಪತ್ತಕ್ಕೆ.’

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ‘ನನ್ನದೂ ಒಂದಿದೆ ಪುಟ್ಟಿ. ಈ ಹಬ್ಬಕ್ಕೆ ಬೋನಸ್ ಇಲ್ಲ’ ಎಂದರು ಅಪ್ಪ. ‘ಸೋಮವಾರದಿಂದ ಇಬ್ಬರ ಮುಖವನ್ನೂ ನೋಡ್ತಾನೇ ಇದ್ದೀನಿ ಕಣ್ರೀ’ ಎಂದರು ಅಮ್ಮ. ಮೇಣದಬತ್ತಿ ಹಚ್ಚಿದ ಮಗಳ ಕಣ್ಣಿಗೆ ಬಿದ್ದದ್ದು ಅಮ್ಮನ ಊದಿದ ಮಣಿಕಟ್ಟು.

‘ಎಲ್ಲಿಂದ ಕಷ್ಟ ಶುರುವಾಯ್ತು?’ ಎಂದು ಅಪ್ಪ ಕೇಳಿದರು. ‘ಯಾಕೆ ಕಡಿಮೆ ಬಂತು?’ ಎಂದು ಕೇಳಲಿಲ್ಲ. ಮಗಳು ಯೋಚಿಸಿ ಹೇಳಿದಳು: ‘ಲ್ಯಾಬ್‌ನಲ್ಲಿ ಮೊದಲ ಪ್ರಯೋಗವೇ ವರ್ನಿಯರ್ ಕ್ಯಾಲಿಪರ್ಸ್. ಅದೇ ತಲೆಗೆ ಹೋಗಲಿಲ್ಲ. ಕೇಳೋಕೆ ನಾಚಿಕೆಯಾಯ್ತು. ಆಮೇಲೆ ಎಲ್ಲಕ್ಕೂ ಹಾಗೇ ಆಯ್ತು.’

ಅಪ್ಪ ನಕ್ಕರು. ಇಪ್ಪತ್ತು ವರ್ಷಗಳಿಂದ ಅವರ ಅಂಗೈಯಲ್ಲಿದ್ದದ್ದು ಅದೇ ಉಪಕರಣ. ಶುಕ್ರವಾರ ತಮ್ಮ ವರ್ನಿಯರನ್ನು ಟಿಫಿನ್ ಬಾಕ್ಸಿನ ಪಕ್ಕದಲ್ಲಿಟ್ಟುಕೊಂಡು ಮನೆಗೆ ತಂದರು. ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯವಿದು: ಎರಡು ಅಳತೆಪಟ್ಟಿಗಳ ಮನೆಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿಟ್ಟು, ಯಾವ ಗೆರೆಗೆ ಗೆರೆ ಕೂಡುತ್ತದೆಂದು ನೋಡುವುದು. ಕಾಲೇಜಿನ ಸಾಮಾನ್ಯ ವರ್ನಿಯರ್‌ನಲ್ಲಿ ಚಿಕ್ಕ ಪಟ್ಟಿಯ 10 ಮನೆಗಳು ದೊಡ್ಡ ಪಟ್ಟಿಯ 9 ಮಿಲಿಮೀಟರಿಗೆ ಸಮ. ಚಿಕ್ಕ ಪಟ್ಟಿಯ ಒಂದು ಮನೆ 0.9 ಮಿ.ಮೀ.; ವ್ಯತ್ಯಾಸ 0.1. ಅದೇ ಲೀಸ್ಟ್ ಕೌಂಟ್. ಅಪ್ಪನದರಲ್ಲಿ 50 ಮನೆಗಳು 49 ಮಿಲಿಮೀಟರಿಗೆ ಸಮ, ಹಾಗಾಗಿ 0.02. ಮಗಳು ಉಳಿದಿದ್ದ ಒಂದು ಕಡಲೆಕಾಯಿಯನ್ನು ಅಳೆದಳು. ಆಮೇಲೆ ಅಮ್ಮನ ಬಳೆಯ ದಪ್ಪವನ್ನು. ಪದಗಳ ಇಂಗ್ಲಿಷ್ ಅಪ್ಪನಿಗೆ ಗೊತ್ತಿರಲಿಲ್ಲ. ಲೆಕ್ಕ ಗೊತ್ತಿತ್ತು.

ಒಂದು ವರ್ನಿಯರ್‌ನಿಂದ 19 ಅಂಕ 50 ಆಗುವುದಿಲ್ಲ. ಬೋನಸ್ಸೂ ಬರುವುದಿಲ್ಲ, ಮಣಿಕಟ್ಟಿನ ಊತವೂ ಇಳಿಯುವುದಿಲ್ಲ. ಶನಿವಾರ ಸಹಿಯಾದ ಕಾಗದ ಹಿಡಿದು ಹೋದ ಹುಡುಗಿ ಉಪನ್ಯಾಸಕರ ಹತ್ತಿರ ಅರ್ಥವಾಗದ ಮೂರು ಪಾಠಗಳ ಹೆಸರು ಹೇಳಿ ಬಂದಳು, ಅಷ್ಟೇ. ಅಮ್ಮನನ್ನು ಅಪ್ಪ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ದೀಪಾವಳಿ ಲೆಕ್ಕದ ಚೀಟಿಯಲ್ಲಿ ಎರಡು ಸಾಲು ಹೊಡೆದುಹಾಕಿದರು.

ಮಕ್ಕಳು ಮುಚ್ಚಿಡುವುದನ್ನು ಕಲಿಯುವುದು ದೊಡ್ಡವರನ್ನು ನೋಡಿಯೇ. ಪೋಷಕರೇ, ಈ ವಾರ ಮಗನ ಅಥವಾ ಮಗಳ ಚೀಲ ತಡಕುವ ಮುನ್ನ ನಿಮ್ಮದೊಂದು ಕಷ್ಟವನ್ನು ಅವರೊಡನೆ ಹೇಳಿ ನೋಡಿ. ವಿದ್ಯಾರ್ಥಿಗಳೇ, ಮಡಿಸಿಟ್ಟ ಕಾಗದವಿದ್ದರೆ ಇಂದೇ ಬಿಡಿಸಿ. ಕರೆಂಟು ಹೋಗುವವರೆಗೂ ಕಾಯಬೇಕಾಗಿಲ್ಲ.