ಕಬ್ಬಿನ ಗಾಡಿ ಡ್ರೈವರ್‌ಗೆ ನಾವು ಕಾಣೂದಿಲ್ಲ

ಗೆಳೆಯ ಗೆಳತಿಯರೇ, ಈ ಸಲದ ಗೋಡೆಪತ್ರಿಕೆಗೆ ನಾನು ಕಥೆ ಬರೆದಿಲ್ಲ, ನನ್ನ ಅಭಿಪ್ರಾಯ ಬರೆದಿದ್ದೇನೆ. ಓದುವ ಮೊದಲು ಒಂದು ಆಟ ಆಡ್ರಿ.

ಈ ಹಾಳೆಯ ಕೆಳಗೆ ಎಡಕ್ಕೆ ಒಂದು ಕೂಡಿಸುವ ಗುರುತು, ಅದರಿಂದ ಬಲಕ್ಕೆ ಏಳೂವರೆ ಸೆಂಟಿಮೀಟರ್ ದೂರದಲ್ಲಿ ಒಂದು ಕರೀ ಚುಕ್ಕೆ ಬರೆದಿದ್ದೇನೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಆ ಗುರುತನ್ನಷ್ಟೇ ನೋಡ್ರಿ. ಗೋಡೆಯಿಂದ ಒಂದು ಮೊಳ ದೂರ ನಿಂತು ಸಾವಕಾಶ ಮಾರಿ ಹತ್ತಿರ ತರ್ರಿ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರ ಉಳಿದಾಗ ಚುಕ್ಕೆ ಮಾಯ ಆಗತೈತಿ. ನಡುವೆ ಕಳ್ಳತನದಿಂದ ಚುಕ್ಕೆ ಕಡೆ ನೋಡಿದ್ರ ಆಟ ಕೆಡತೈತಿ. ನನ್ನ ತಂಗಿ ಹಂಗ ಮಾಡಿ, ಇದೆಲ್ಲಾ ಸುಳ್ಳು ಅಂದಳು.

ನಮ್ಮ ಅಕ್ಷಿಪಟಲದಿಂದ ದೃಷ್ಟಿನರ ಮಿದುಳಿಗೆ ಹೊರಡುವ ಜಾಗದಲ್ಲಿ ಬೆಳಕನ್ನು ಗುರುತಿಸುವ ಜೀವಕೋಶಗಳು ಇರುವುದಿಲ್ಲ. ಅದಕ್ಕೆ ಅಂಧಬಿಂದು ಅಥವಾ ಕುರುಡು ಚುಕ್ಕೆ ಎನ್ನುತ್ತಾರೆ. 1660ರ ದಶಕದಲ್ಲಿ ಫ್ರಾನ್ಸಿನ ಎಡ್ಮ್ ಮಾರಿಯೊಟ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಎರಡೂ ಕಣ್ಣು ತೆರೆದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. (ಸಮುದ್ರದ ಆಕ್ಟೋಪಸ್ಸಿಗೆ ಈ ಚುಕ್ಕೆ ಇಲ್ಲ. ಅದರ ನರಗಳು ಅಕ್ಷಿಪಟಲದ ಹಿಂದಿನಿಂದಲೇ ಹೊರಡುತ್ತವೆ. ನಮಗಿಂತ ಅದರ ಕಣ್ಣೇ ಛಲೋ!) ಆದರೆ ನನಗೆ ಆಶ್ಚರ್ಯ ಆದದ್ದು ಬೇರೆ. ಚುಕ್ಕೆ ಹೋದ ಜಾಗದಾಗ ತೂತು ಕಾಣೂದಿಲ್ಲ, ಬಿಳೀ ಹಾಳೆ ಕಾಣತೈತಿ. ಮಿದುಳು ಸುತ್ತಲಿನ ಬಣ್ಣಾನ ತಂದು ತ್ಯಾಪಿ ಹಚ್ಚತೈತಿ. ಏನೋ ಕಾಣಲಿಲ್ಲ ಅನ್ನೂದು ಸುದ್ದಾ ನಮಗ ಗೊತ್ತಾಗೂದಿಲ್ಲ.

ಗಾಡಿಗಳಿಗೂ ಇಂಥ ಕುರುಡು ಜಾಗ ಇರತಾವು. ದೀಪಾವಳಿ ಸುಮಾರಿಗೆ ಕಾರ್ಖಾನೆ ಚಾಲೂ ಆದವೆಂದರೆ ನಮ್ಮ ಬಾಗಲಕೋಟೆ ಜಿಲ್ಲೆಯ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಒಂದಕ್ಕೆ ಎರಡೆರಡು ಟ್ರೇಲರ್. ಕಬ್ಬು ಎರಡೂ ಬಾಜೂ ಹೊರಗೆ ಚಾಚಿರುತ್ತದೆ. ಡ್ರೈವರ್ ಕನ್ನಡಿ ನೋಡಿದ್ರೂ ಅದರಾಗ ಬರೇ ಕಬ್ಬೇ ಕಾಣತೈತಿ. ಮ್ಯಾಲ ಹಾಡು ಜೋರು ಹಚ್ಚಿರತಾರ, ಕೂಗಿದ್ರೂ ಕೇಳೂದಿಲ್ಲ. ನಮ್ಮವರು ಶಾಲೆ ಬಿಟ್ಟ ಕೂಡಲೇ ಹಿಂದ ಓಡಿ ಕಬ್ಬು ಜಗ್ಗತಾರ. ಕೆಲವರು ಎರಡು ಟ್ರೇಲರ್ ನಡುವೆ ಕೈ ಹಾಕತಾರ. ಕೇಳಿದ್ರ, "ಡ್ರೈವರ್ ನೋಡತಾನ ತಗೋ" ಅಂತಾರ. ತಮಗೆ ಗಾಡಿ ಕಾಣುತ್ತದಲ್ಲ, ಹಂಗಾರ ಗಾಡಿಗೂ ತಾವು ಕಾಣತೀವಿ ಅಂತ ಅವರ ಲೆಕ್ಕ.

ಇಳಕಲ್ಲಿನ ಗ್ರಾನೈಟ್ ಹೊತ್ತ ಲಾರಿಯದೂ ಅದೇ ಮಾತು. ಡ್ರೈವರ್ ಎತ್ತರದಲ್ಲಿ ಬಲಕ್ಕೆ ಕುಳಿತಿರುತ್ತಾನೆ. ಲಾರಿ ಮೂತಿಗೆ ಹತ್ತಿ ನಿಂತ ಗಿಡ್ಡ ಹುಡುಗನೂ ಎಡಬಾಜೂ ಬಂದ ಸೈಕಲ್ಲೂ ಅವನಿಗೆ ಕಾಣುವುದಿಲ್ಲ. ಇಳಕಲ್ಲ, ಹುನಗುಂದ ಕಡೆ ರಾಷ್ಟ್ರೀಯ ಹೆದ್ದಾರಿ 50 ದಾಟುವಾಗ ಇದು ನೆನಪಿರಲಿ. ಬೆಳಕಿನ ಪಾಠ ಓದಿದವರಿಗೆ ಒಂದು ಉಪಾಯ ಹೇಳತೀನಿ: ಕನ್ನಡಿಯೊಳಗೆ ಡ್ರೈವರ್‌ನ ಮಾರಿ ನಿಮಗೆ ಕಾಣದಿದ್ದರೆ, ಆ ಕನ್ನಡಿಯೊಳಗೆ ನೀವೂ ಅವನಿಗೆ ಕಾಣೂದಿಲ್ಲ.

ಎಲ್ಲಿಯಾದರೂ ಅಪಘಾತದ ಸುದ್ದಿ ಬಂದರೆ ಕಟ್ಟೆ ಮ್ಯಾಲ ಎರಡೇ ತೀರ್ಪು. ಒಂದು, "ಅವಗ ಕಣ್ಣ ಇರಲಿಲ್ಲೇನು?" ಇನ್ನೊಂದು, "ಹುಡುಗ ಉಡಾಳ." ಎರಡೂ ನನಗೆ ಒಪ್ಪಿಗೆ ಇಲ್ಲ. ಡ್ರೈವರ್ ನೋಡಿರಬಹುದು, ಕಾಣಲಿಲ್ಲ. ಕಬ್ಬು ಸಿಹಿ ಇರತೈತಿ, ಅದಕ್ಕ ಹುಡುಗ ಓಡಿದ. ಅಷ್ಟು ಹೊರೆ ಹೇರಿಸಿದವರು ಯಾರು, ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚದೆ ಕತ್ತಲಲ್ಲಿ ಟ್ರೇಲರ್ ನಿಲ್ಲಿಸಿ ಹೋದವರು ಯಾರು ಎಂದು ಯಾರೂ ಕೇಳುವುದಿಲ್ಲ. ಯಾಕಂದ್ರ ಕಟ್ಟೆ ಮ್ಯಾಲಿನವರ ಕಬ್ಬೂ ಅದರಾಗ ಇರತೈತಿ. ನಮ್ಮಪ್ಪಂದೂ ಇರತೈತಿ. ಕಬ್ಬು ಒಣಗೂದರೊಳಗ ಹೋದ್ರ ಸಾಕು ಅನ್ನೂದು ಅವರ ಚಿಂತಿ.

ಮಂದಿಯ ಪಕ್ಷಪಾತ ನಮಗೆ ಬೇಗ ಕಾಣುತ್ತದೆ, ನಮ್ಮದು ಕಾಣುವುದಿಲ್ಲ ಎಂದು 2002ರಲ್ಲಿ ಅಮೆರಿಕದ ಎಮಿಲಿ ಪ್ರೋನಿನ್ ಮತ್ತು ಜೊತೆಗಾರರು ಬರೆದರು. ಅದಕ್ಕೂ ಕುರುಡು ಚುಕ್ಕೆ ಎಂದೇ ಹೆಸರಿಟ್ಟರು. ಅಮೆರಿಕಕ್ಕ ಯಾಕ ಹೋಗಬೇಕು? ಮಾತಾಡಿದವರ ಹೆಸರು ಕರಿಹಲಗೆಗೆ ಬರಿಯೋ ಮಾನಿಟರ್‌ನ ನೋಡ್ರಿ. ಅವನ ಬೆಂಚಿನವರ ಹೆಸರು ಎಂದಾದ್ರೂ ಬಂದೈತೇನು? ಅವ ಸುಳ್ಳು ಬರೆಯೂದಿಲ್ಲ. ಅವಗ ಖರೇನ ಕೇಳಿಸೂದಿಲ್ಲ.

ಗುರುಗಳು "ಗಾಡಿ ಹಿಂದ ಓಡಬ್ಯಾಡ್ರಿ" ಎಂದು ಪ್ರಾರ್ಥನೆ ಮುಗಿದ ಮೇಲೆ ದಿನಾ ಹೇಳುತ್ತಾರೆ. ಹೇಳಿದ್ದು ಗೇಟಿನ ತನಕ ನೆನಪಿರತೈತಿ. ಅದಕ್ಕೆ ಬೇರೆ ಏನಾದರೂ ಮಾಡಬೇಕು. ನಮ್ಮೂರ ಡ್ರೈವರ್ ಕಾಕಾ ಒಬ್ಬರು ಶನಿವಾರ ಮುಂಜಾನೆ ತುಂಬಿದ ಗಾಡಿಯನ್ನು ಮೈದಾನದಾಗ ಅರ್ಧ ತಾಸು ನಿಲ್ಲಿಸತೀನಿ ಅಂದಾರ. ಇಂಜಿನ್ ಬಂದ್ ಮಾಡಿ ಕೀಲಿ ಗುರುಗಳ ಕೈಯಾಗ ಕೊಡತಾರ. ನಾವು ಒಬ್ಬೊಬ್ಬರಾಗಿ ಡ್ರೈವರ್ ಸೀಟಿನ ಮ್ಯಾಲ ಕೂಡಬೇಕು. ಉಳಿದವರು ಗಾಡಿ ಸುತ್ತ ನಡೀಬೇಕು. ಎಲ್ಲೆಲ್ಲಿ ಅವರು ಮಾಯ ಆಗತಾರೋ ಅಲ್ಲಲ್ಲಿ ಸುಣ್ಣದ ಗೆರೆ ಹಾಕಬೇಕು. ಕಟ್ಟೆ ಮ್ಯಾಲಿನ ಹಿರಿಯರೂ ಬಂದು ಒಮ್ಮೆ ಕುಂತು ನೋಡಲಿ. ಕಬ್ಬು ಬೇಕಾದವರು ಅವತ್ತ ಕಾಕಾನ್ನ ಕೇಳ್ರಿ, ನಿಂತ ಗಾಡಿಯಿಂದ ಕೊಡತೀನಿ ಅಂದಾರ.

ಕಬಡ್ಡಿ ಅಂಕಣಕ್ಕೆ ತಂದ ಸುಣ್ಣದ ಪುಡಿ ಆಟದ ಸಾಮಾನಿನ ಕೋಣೆಯಲ್ಲಿ ಅರ್ಧ ಚೀಲ ಉಳಿದಿದೆ. ಅದನ್ನು ಶನಿವಾರಕ್ಕೆ ಕೊಡಿಸಬೇಕೆಂದು ಮುಖ್ಯಗುರುಗಳಲ್ಲಿ ವಿನಂತಿ.

— ಏಳನೆಯ ತರಗತಿ