ಚೀಟಿ ಬಂತು, ಹುಡುಗ ಎಲ್ಲಿ?



ಪತ್ತೇದಾರಿ ಕಥೆ ಎಂದರೆ ನಿಮ್ಮಲ್ಲಿ ಯಾರಿಗೆ ಇಷ್ಟವಿಲ್ಲ ಹೇಳಿ? ನಾವು ನಿಮ್ಮ ವಯಸ್ಸಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದುತ್ತಿದ್ದೆವು. ನೀವು ಹೊದಿಕೆಯೊಳಗೆ ಮೊಬೈಲು ಹಿಡಿದು ನೋಡುತ್ತೀರಿ, ಅಷ್ಟೇ ವ್ಯತ್ಯಾಸ. ಒಬ್ಬ ಕಾಣೆಯಾಗುತ್ತಾನೆ, ಗೆಳೆಯರು ಹುಡುಕಲು ಹೊರಡುತ್ತಾರೆ, ಹುಡುಕಿದಷ್ಟೂ ಒಂದೊಂದೇ ಗುಟ್ಟು ಹೊರಬೀಳುತ್ತದೆ. ಕೊನೆಯ ಕಂತಿನಲ್ಲಿ ಎಲ್ಲ ಬಯಲಾಗುತ್ತದೆ. ನಾವು ದೀಪ ಆರಿಸಿ ನೆಮ್ಮದಿಯಿಂದ ಮಲಗುತ್ತೇವೆ.

ಈ ಸಲ ನಾನು ಹೇಳಹೊರಟಿರುವುದು ಕಥೆಯಲ್ಲ, ನಡೆದ ಸಂಗತಿ. ನಡೆದದ್ದು ದೂರದಲ್ಲೂ ಅಲ್ಲ. ನಮ್ಮ ಕುರಕುಂಭದಿಂದ ಸೋಲಾಪುರ ರಸ್ತೆ ಹಿಡಿದು ಹೊರಟರೆ ಸುಮಾರು ಎರಡು ಗಂಟೆಯಲ್ಲಿ ಪುಣೆ ಮುಟ್ಟುತ್ತೇವಲ್ಲ, ಅಲ್ಲಿಯ ತಿಲಕ ರಸ್ತೆಯಲ್ಲಿ. ನಿಮ್ಮಲ್ಲಿ ಕೆಲವರು ಕಾಲೇಜಿಗೆಂದು ದಿನವೂ ಅದೇ ದಾರಿಯಲ್ಲಿ ಓಡಾಡುತ್ತಿರಬಹುದು.

ಆ ರಸ್ತೆಯಲ್ಲಿ ಅಭಿನವ ಕಲಾ ಮಹಾವಿದ್ಯಾಲಯವಿದೆ. 1976ರಲ್ಲಿ ಅದರ ಹಿಂಬದಿಯಲ್ಲಿ 'ವಿಶ್ವ' ಎಂಬ ಒಂದು ಚಿಕ್ಕ ಹೋಟೆಲಿತ್ತು. ಅದನ್ನು ನಡೆಸುತ್ತಿದ್ದವರ ಮಗ ಪ್ರಕಾಶ ಹೆಗ್ಡೆ ಅದೇ ಕಾಲೇಜಿನ ವಿದ್ಯಾರ್ಥಿ. ಹೆಗ್ಡೆ ಎಂಬುದು ನಮ್ಮ ಕಡೆಯ ಹೆಸರೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳಲ್ಲಿ ದೋಸೆ ತಿನ್ನುವಾಗ ನೆನಪಿಸಿಕೊಳ್ಳಿ, ನಮ್ಮ ಕರಾವಳಿಯ ಜನ ಪುಣೆಗೆ ಬಂದು ಬೇರೂರಿದ್ದೇ ಹೀಗೆ ಹೋಟೆಲು ನಡೆಸಿಕೊಂಡು. ಅಂಥ ಹೋಟೆಲುಗಳಲ್ಲಿ ಕಾಲೇಜು ಹುಡುಗರು ಬರೀ ಗಿರಾಕಿಗಳಾಗಿರುವುದಿಲ್ಲ, ಮಾಲೀಕರ ಮಕ್ಕಳ ಗೆಳೆಯರೂ ಆಗಿರುತ್ತಾರೆ.

1976ರ ಜನವರಿ 15ರಂದು ಪ್ರಕಾಶ ಕಾಣೆಯಾದ. ಅವನ ಕೈಬರಹದಲ್ಲಿ ತಂದೆಗೆ ಒಂದು ಚೀಟಿ ಇತ್ತು, ನಾನು ಮನೆ ಬಿಟ್ಟು ಹೋಗುತ್ತಿದ್ದೇನೆ ಎಂಬ ಅರ್ಥದ್ದು. ಅದರ ಬೆನ್ನಿಗೇ ಹಣ ಕೇಳುವ ಚೀಟಿಯೂ ಬಂತು. ಹುಡುಗ ಮಾತ್ರ ಬರಲಿಲ್ಲ.

ಹೆತ್ತವರ ಸ್ಥಿತಿಯನ್ನು ಊಹಿಸಿ. ಮಗನ ಅಕ್ಷರ ಎದುರಿಗಿದೆ. ಅಕ್ಷರ ಅವನದೇ, ಅನುಮಾನವಿಲ್ಲ. ಆದರೆ ಮಾತು ಅವನದೇ? ತಾನಾಗಿ ಹೋದನೇ, ಯಾರಾದರೂ ಒಯ್ದರೇ? ಇವತ್ತು ಬಂದಾನು, ನಾಳೆ ಬಂದಾನು ಎಂದು ಬಾಗಿಲ ಕಡೆ ನೋಡುತ್ತ ದಿನ ಕಳೆಯುವುದಿದೆಯಲ್ಲ, ಆ ಸಂಕಟ ಶತ್ರುವಿಗೂ ಬೇಡ.

ಉತ್ತರ ಸಿಕ್ಕಿದ್ದು ಹದಿನಾಲ್ಕು ತಿಂಗಳ ಮೇಲೆ. ಅದು ಎಲ್ಲಿತ್ತು ಗೊತ್ತೇ? ಪ್ರಕಾಶನ ತರಗತಿಯಲ್ಲೇ ಇತ್ತು.

ರಾಜೇಂದ್ರ ಜಕ್ಕಲ್, ದಿಲೀಪ ಸುತಾರ್, ಶಾಂತಾರಾಮ ಜಗತಾಪ್, ಮುನವ್ವರ ಶಾ ಎಂಬ ನಾಲ್ವರು ಅದೇ ಕಾಲೇಜಿನ ಹುಡುಗರು. ಜೊತೆಗೆ ಇನ್ನೊಬ್ಬ ಸಹಪಾಠಿ. ಹಣದಾಸೆಗೆ ಪ್ರಕಾಶನನ್ನು ಏನೋ ನೆಪ ಹೇಳಿ ಕರೆದೊಯ್ದು, ಕರ್ವೆ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ಕೂಡಿಹಾಕಿ, ಹೆದರಿಸಿ ಆ ಚೀಟಿ ಬರೆಸಿಕೊಂಡಿದ್ದರು. ಮಾರನೆಯ ರಾತ್ರಿಯೇ ಸಾರಸಬಾಗಿನ ಪಕ್ಕದ ಪೇಶ್ವೆ ಪಾರ್ಕಿನಲ್ಲಿ ಅವನನ್ನು ಕೊಂದು, ಕಬ್ಬಿಣದ ಪೀಪಾಯಿಯಲ್ಲಿ ಹಾಕಿ ಕೆರೆಗೆ ತಳ್ಳಿದ್ದರು. ಹಣ ಕೇಳುವ ಚೀಟಿ ತಂದೆಯ ಕೈ ಸೇರುವ ಹೊತ್ತಿಗೆ ಹುಡುಗ ಇರಲೇ ಇಲ್ಲ. ಸಾರಸಬಾಗಿನ ಗಣಪತಿಗೆ ಕೈಮುಗಿದು ನಾವೆಲ್ಲ ಭೇಳ್ ತಿನ್ನುತ್ತ ಕೂರುತ್ತೇವಲ್ಲ, ಅದರ ಪಕ್ಕದಲ್ಲೇ.

ಆ ಗುಟ್ಟು ನೀರಿನಡಿಯಲ್ಲಿದ್ದಷ್ಟು ಕಾಲ ಏನಾಯಿತು? 1976ರ ಅಕ್ಟೋಬರ್ 31ರಂದು ಜೋಶಿ ಕುಟುಂಬದ ಮೂವರು, ಡಿಸೆಂಬರ್ 1ರಂದು ಅಭ್ಯಂಕರ ಅವರ ಮನೆಯ ಐವರು ಪ್ರಾಣ ಕಳೆದುಕೊಂಡರು. ಸಂಜೆಯಾದರೆ ಪುಣೆಯ ಜನ ಬಾಗಿಲು ಭದ್ರಪಡಿಸಿಕೊಂಡು ಕೂರುವಂತಾಯಿತು. 1977ರ ಮಾರ್ಚ್ 23ರಂದು ಈ ಹುಡುಗರು ತಮ್ಮ ಕಾಲೇಜಿನ ಗೆಳೆಯನೊಬ್ಬನ ತಮ್ಮ ಅನಿಲ ಗೋಖಲೆಯನ್ನು ಕೊಂದರು. ಮರುದಿನ ಅವನ ದೇಹ ಮುಳಾ-ಮುಠಾ ನದಿಯಲ್ಲಿ ತೇಲಿಬಂತು. ಪೊಲೀಸರು ವಿಚಾರಿಸಿದಾಗ ಈ ಗೆಳೆಯರ ಮಾತು ಒಂದಕ್ಕೊಂದು ತಾಳೆಯಾಗಲಿಲ್ಲ. ತಿಂಗಳ ಕೊನೆಗೆ ಬಂಧನವಾಯಿತು. ಆಮೇಲೆಯೇ ಪೇಶ್ವೆ ಪಾರ್ಕಿನ ಕೆರೆಯಿಂದ ಆ ಪೀಪಾಯಿ ಮೇಲಕ್ಕೆ ಬಂದದ್ದು. ಅಪಹರಣದಲ್ಲಿ ಜೊತೆಗಿದ್ದ ಐದನೆಯವನು ಮಾಫಿ ಸಾಕ್ಷಿಯಾದ. ಉಳಿದ ನಾಲ್ವರಿಗೆ 1978ರ ಸೆಪ್ಟೆಂಬರ್‌ನಲ್ಲಿ ಮರಣದಂಡನೆ ವಿಧಿಸಲಾಯಿತು. 1983ರ ನವೆಂಬರ್ 27ರಂದು ಯೆರವಡಾ ಜೈಲಿನಲ್ಲಿ ಅದು ಜಾರಿಯಾಯಿತು.

ಒಟ್ಟು ಹತ್ತು ಜೀವ. ಪ್ರಕಾಶ ಮೊದಲನೆಯವನು. ಗೊತ್ತಿದ್ದವನೊಬ್ಬ ಆ ಜನವರಿಯಲ್ಲೇ ಬಾಯಿ ಬಿಟ್ಟಿದ್ದರೆ ಉಳಿದ ಒಂಬತ್ತು ಜನ ಬದುಕುತ್ತಿದ್ದರು. ಈ ಲೆಕ್ಕ ಮಾಡಿದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ.

"ಕಾಕು, ಇಷ್ಟು ಭಯಂಕರದ್ದನ್ನು ನಮಗೇಕೆ ಹೇಳುತ್ತೀರಿ? ನಮ್ಮ ಗೆಳೆಯರು ಅಂಥವರಲ್ಲ" ಎನ್ನುತ್ತೀರಿ. ಒಪ್ಪಿದೆ. ಇಂಥ ಗೆಳೆಯರು ಲಕ್ಷಕ್ಕೊಬ್ಬರೂ ಇರಲಿಕ್ಕಿಲ್ಲ. ನಿಮ್ಮ ಗೆಳೆಯರ ಮೇಲೆ ಅನುಮಾನ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ಈ ಘಟನೆಯಲ್ಲಿ ನಿಮ್ಮ ಪಾಲಿನ ಎರಡು ಪಾಠಗಳಿವೆ. ಅವು ಇವತ್ತಿಗೂ ಹಳತಾಗಿಲ್ಲ.

ಮೊದಲನೆಯದು, ಚೀಟಿ ಬಂತೆಂದರೆ ಮನುಷ್ಯ ಸಿಕ್ಕಂತಲ್ಲ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳಾದ್ದರಿಂದ ನನಗೆ ಷರ್ಲಾಕ್ ಹೋಮ್ಸ್ ನೆನಪಾಗುತ್ತಾನೆ. ಕಾನನ್ ಡಾಯ್ಲ್ 1891ರಲ್ಲಿ ಬರೆದ 'ಎ ಕೇಸ್ ಆಫ್ ಐಡೆಂಟಿಟಿ' ಎಂಬ ಕಥೆಯಲ್ಲಿ ಒಬ್ಬಳ ಭಾವೀ ಪತಿ ಮದುವೆಯ ದಿನವೇ ಮಾಯವಾಗುತ್ತಾನೆ. ಅವನ ಪತ್ರಗಳಲ್ಲಿ ಸಹಿಯೂ ಟೈಪು ಮಾಡಿದ್ದೆಂಬುದು ಹೋಮ್ಸನ ಕಣ್ಣಿಗೆ ಬೀಳುತ್ತದೆ. ಕೊನೆಗೆ ನೋಡಿದರೆ ಪತ್ರ ಬರೆಯುತ್ತಿದ್ದವನು ಅವಳ ಮನೆಯಲ್ಲೇ ಇದ್ದ ಮಲತಂದೆ! ಅಲ್ಲಿ ಟೈಪು ಮಾಡಿದ ಸಹಿ, ಪ್ರಕಾಶನ ವಿಷಯದಲ್ಲಿ ಬಲವಂತದ ಕೈಬರಹ, ನಿಮ್ಮ ಕಾಲದಲ್ಲಿ ವಾಟ್ಸಾಪ್ ಸಂದೇಶ. "ಐ ಆ್ಯಮ್ ಫೈನ್, ಡೋಂಟ್ ವರಿ" ಎಂದು ಅವನ ಮೊಬೈಲಿನಿಂದ ಬಂದರೆ, ಅದನ್ನು ಒತ್ತಿದ ಬೆರಳು ಅವನದೇ ಎಂದು ಹೇಗೆ ಹೇಳುವುದು? ಹಾಗಾಗಿ ಧ್ವನಿ ಕೇಳಿ, ಮುಖ ನೋಡಿ. ಅವನಿಗೆ ಮಾತ್ರ ಗೊತ್ತಿರುವ ಏನನ್ನಾದರೂ ವಿಚಾರಿಸಿ. ಉತ್ತರ ಬಾರದಿದ್ದರೆ ದೊಡ್ಡವರಿಗೆ ತಿಳಿಸಿ. ಸಂದೇಶ ಅವನದೇ ಆಗಿದ್ದರೂ "ಫೈನ್" ಎಂಬುದು ನಿಜವೇ ಎನ್ನುವುದು ಬೇರೆ ಪ್ರಶ್ನೆ.

ಎರಡನೆಯದು ಗುಟ್ಟಿನ ಮಾತು. ಪರೀಕ್ಷೆಯಲ್ಲಿ ಫೇಲಾದದ್ದು, ಮನೆಗೆ ಹೇಳದ ಪ್ರೀತಿ, ಮೊಬೈಲ್ ಆ್ಯಪಿನಲ್ಲಿ ಮಾಡಿದ ಸಾಲ, ಆಟದಲ್ಲಿ ಕಳೆದ ದುಡ್ಡು, ಯಾರೋ ಫೋಟೋ ಇಟ್ಟುಕೊಂಡು ಹೆದರಿಸುತ್ತಿರುವುದು, ಹೀಗೆ ನಿಮ್ಮ ಗೆಳೆಯರು ತಂದೆ-ತಾಯಿಗೆ ಹೇಳದ್ದನ್ನು ನಿಮಗೆ ಹೇಳಿರುತ್ತಾರೆ. ಮಾದಕ ವಸ್ತುವಿನ ಮಾತಂತೂ ದೂರದ ಊರಿನದೆಂದು ತಿಳಿಯಬೇಡಿ. 2024ರ ಫೆಬ್ರವರಿಯಲ್ಲಿ ನಮ್ಮ ಕುರಕುಂಭದ ಎಂಐಡಿಸಿಯ ಒಂದು ಕಾರ್ಖಾನೆಯಲ್ಲೇ ಪುಣೆ ಪೊಲೀಸರು ಮೆಫೆಡ್ರೋನ್ ಹಿಡಿದಾಗ ಇಡೀ ದೇಶದ ಪತ್ರಿಕೆಗಳಲ್ಲಿ ಊರಿನ ಹೆಸರು ಬಂತು. ಫಿರಂಗಾಯಿ ದೇವಿಯ ಊರು ಎಂದು ಹೆಮ್ಮೆಯಿಂದ ಹೇಳುತ್ತಿದ್ದ ನಮಗೆ ತಲೆ ತಗ್ಗಿಸುವಂತಾಯಿತು. ಗೇಟಿನಾಚೆ ಏನಿದೆ ಎಂಬುದು ಪಕ್ಕದವರಿಗೆ ತಿಳಿಯುವುದಿಲ್ಲ. ಮನಸ್ಸಿನ ಗೇಟೂ ಹಾಗೆಯೇ. ಅದನ್ನು ದಾಟಿ ಒಳಗೆ ಹೋದವರು ಗೆಳೆಯರು ಮಾತ್ರ.

ಗುಟ್ಟು ಕಾಯುವುದು ದೊಡ್ಡ ಗುಣವೇ. ನಂಬಿ ಹೇಳಿದ್ದನ್ನು ಊರಿಗೆಲ್ಲ ಸಾರುವವರನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಆದರೆ ಮಹಾಭಾರತದ ಕುಂತಿಯನ್ನು ನೆನೆಯಿರಿ. ಕರ್ಣ ತನ್ನ ಮಗನೆಂಬ ಗುಟ್ಟನ್ನು ಪಾಂಡವರಿಗೆ ಹೇಳದೆ ಒಡಲಲ್ಲೇ ಇಟ್ಟುಕೊಂಡಳು. ಹೇಳಿದ್ದು ಯುದ್ಧ ಮುಗಿದು ಕರ್ಣನಿಗೆ ತರ್ಪಣ ಬಿಡುವ ಹೊತ್ತಿಗೆ. ದುಃಖದಲ್ಲಿ ಧರ್ಮರಾಯ, ಇನ್ನು ಮುಂದೆ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ ಎಂದು ಶಪಿಸಿದನಂತೆ. ನಮ್ಮ ಮನೆಯ ಗಂಡಸರು ಇದನ್ನು ಹೇಳಿ ನಗುತ್ತಾರೆ. ನನಗೋ, ಅದು ಶಾಪವಲ್ಲ, ವರ ಎನ್ನಿಸುತ್ತದೆ. ಜೀವಕ್ಕೆ ಸಂಬಂಧಿಸಿದ ಗುಟ್ಟು ಬಾಯಲ್ಲಿ ನಿಲ್ಲಬಾರದು, ಹೆಂಗಸರದಾಗಲಿ ಗಂಡಸರದಾಗಲಿ.

ಗೆಳೆಯನೋ ಗೆಳತಿಯೋ ಕಾಣದಾದಾಗ "ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾಳೆ" ಎಂಬ ಮಾತು ನಿಮ್ಮ ಬಾಯಲ್ಲಿ ಬಿಸಿ ತುಪ್ಪವಾಗುತ್ತದೆ. ಉಗುಳಿಬಿಡಿ. ಅವಳು ನಾಳೆ ಸುರಕ್ಷಿತವಾಗಿ ಬಂದು ನಿಮ್ಮ ಮೇಲೆ ಸಿಟ್ಟಾದರೆ ಆ ಸಿಟ್ಟನ್ನು ತಡೆದುಕೊಳ್ಳಬಹುದು. ಅವಳು ಬಾರದೇ ಹೋದರೆ ನಿಮ್ಮ ಮೌನವನ್ನು ನೀವೇ ತಡೆದುಕೊಳ್ಳಲಾರಿರಿ.

ಇನ್ನು ಮಾಡಬೇಕಾದ್ದೇನು ಎಂಬುದನ್ನು ಅಡಿಗೆಯ ವಿಧಾನ ಹೇಳಿದಂತೆ ಹೇಳಿಬಿಡುತ್ತೇನೆ.

ಕಾಯಬೇಡಿ. ಇಪ್ಪತ್ತನಾಲ್ಕು ಗಂಟೆ ಆಗದೆ ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಎಂಬುದು ಸಿನಿಮಾದ ಮಾತು. ಕಾನೂನಿನಲ್ಲಿ ಅಂಥ ನಿಯಮವಿಲ್ಲ. ಹದಿನೆಂಟು ತುಂಬದವರು ಕಾಣೆಯಾದರೆ ಎಫ್ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರ ಮೇ 10ರಂದೇ ಹೇಳಿದೆ. ತುರ್ತಿಗೆ 112, ಮಕ್ಕಳ ವಿಷಯಕ್ಕೆ 1098. ನಮ್ಮ ದೌಂಡ್ ಜಂಕ್ಷನ್ನಿನಿಂದ ಪುಣೆ, ಸೋಲಾಪುರ, ಮನಮಾಡ, ಬಾರಾಮತಿ, ಹೀಗೆ ನಾಲ್ಕು ಕಡೆಗೆ ಹಳಿಗಳಿವೆ. ರೈಲು ಹತ್ತಿರಬಹುದೆಂಬ ಗುಮಾನಿ ಇದ್ದರೆ 139ಕ್ಕೆ ಫೋನ್ ಮಾಡಿ, ರೈಲ್ವೆ ಪೊಲೀಸರಿಗೂ ತಿಳಿಸಿ.

ಗೊತ್ತಿರುವುದನ್ನು ಬರೆದಿಡಿ. ಕೊನೆಯದಾಗಿ ಎಲ್ಲಿ, ಎಷ್ಟು ಹೊತ್ತಿಗೆ ನೋಡಿದಿರಿ, ಯಾವ ಬಟ್ಟೆ, ಯಾವ ಗಾಡಿ, ಯಾರ ಜೊತೆ ಎಂಬುದೆಲ್ಲ ಇರಲಿ. ಅವರ ಸಂದೇಶಗಳನ್ನು ಅಳಿಸಬೇಡಿ. ಅಂಗಡಿಗಳ ಸಿಸಿಟಿವಿಯಲ್ಲಿ ಕೆಲವು ದಿನ ಕಳೆದರೆ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ. ಆದ್ದರಿಂದ ಮೊದಲ ದಿನವೇ ಪೊಲೀಸರ ಗಮನಕ್ಕೆ ತನ್ನಿ. ನೀವೇ ಪತ್ತೇದಾರರಾಗಿ ಅಪರಿಚಿತರನ್ನು ಭೇಟಿಯಾಗಲು ಹೋಗಬೇಡಿ. ಧಾರಾವಾಹಿಯ ನಾಯಕನಿಗೆ ಮುಂದಿನ ಕಂತು ಇರುತ್ತದೆ, ನಿಮಗೆ ಇರುವುದು ಒಂದೇ ಜೀವ.

ಫೋಟೋವನ್ನು ಕಂಡ ಕಂಡ ಗುಂಪಿಗೆ ಹಾಕುವ ಮುಂಚೆ ಮನೆಯವರನ್ನೂ ಪೊಲೀಸರನ್ನೂ ಕೇಳಿ. ಸಿಕ್ಕ ಮೇಲೆ ತೆಗೆಸಿಹಾಕುವ ಕೆಲಸವೂ ನಿಮ್ಮದೇ. ಇಲ್ಲವಾದರೆ ಮರಳಿ ಬಂದ ಹುಡುಗಿ ವರ್ಷಗಟ್ಟಲೆ 'ಕಾಣೆಯಾದವಳು' ಆಗಿಯೇ ಉಳಿಯುತ್ತಾಳೆ. ಹಾಗೆಯೇ, ಮನೆಯವರಿಗೇ ಹೆದರಿ ಮನೆ ಬಿಟ್ಟಿದ್ದಾಳೆ ಎಂದು ನಿಮಗೆ ಗೊತ್ತಿದ್ದರೆ ಆ ಮಾತನ್ನು ಮನೆಯವರಿಗಲ್ಲ, ಪೊಲೀಸರಿಗೆ ಹೇಳಿ. ನಮಗೆ ಬೇಕಾದ್ದು ಅವಳು ಸುರಕ್ಷಿತವಾಗಿರುವುದು, ನಾವು ಗೆಲ್ಲುವುದಲ್ಲ.

ಎಲ್ಲಕ್ಕಿಂತ ಮುಖ್ಯವಾದ ಹುಡುಕಾಟ ಕಾಣೆಯಾಗುವುದಕ್ಕೆ ಮುಂಚಿನದು. ಮಾತು ಕಡಿಮೆ ಮಾಡಿದವನು, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚಿಬಿಟ್ಟವನು, "ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು" ಎಂದವನು ನಿಮ್ಮ ಪಕ್ಕದಲ್ಲೇ ಕೂತಿದ್ದರೂ ಅರ್ಧ ಕಾಣೆಯಾಗಿದ್ದಾನೆ. ಅವನನ್ನು ಒಂಟಿಯಾಗಿ ಬಿಡಬೇಡಿ. ನೇರವಾಗಿ ಕೇಳಿ. ಕೇಳಿದರೆ ಕೆಟ್ಟ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಕೇಳುವವರೊಬ್ಬರಿದ್ದಾರೆ ಎಂಬುದೇ ಆಸರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಇರುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಬೆನ್ನೆಲುಬು. ಕನ್ನಡದಲ್ಲೂ ಮರಾಠಿಯಲ್ಲೂ ಮಾತನಾಡಬಹುದು.

ನಿಮ್ಮ ಅಪ್ಪಂದಿರು ಶಿಫ್ಟ್ ಡ್ಯೂಟಿಯಲ್ಲಿರುತ್ತಾರೆ, ಅಮ್ಮಂದಿರಿಗೆ ನಿಮ್ಮ ಹಾಸ್ಟೆಲು, ಪೀಜಿಗಳ ಲೋಕ ಗೊತ್ತಿಲ್ಲ. ಅವರಿಗೆ ಹೇಳಲು ಮುಜುಗರವಾದರೆ ಸಂಘದಲ್ಲಿ ನಮ್ಮಂಥ ಕಾಕು, ಅತ್ತೆ, ಮಾಮಿಯರಿದ್ದೇವೆ. ಚಹಾಕ್ಕೆ ಬನ್ನಿ. ಗದರಿಸುವುದಿಲ್ಲ. ಕೇಳಿಸಿಕೊಳ್ಳುತ್ತೇವೆ.

ಪ್ರಕಾಶ ಬದುಕಿದ್ದರೆ ಇವತ್ತು ನಿಮ್ಮ ಅಜ್ಜನ ವಯಸ್ಸಿನವನಾಗಿರುತ್ತಿದ್ದ. ಆ ಪ್ರಕರಣದ ಮಾತು ಬಂದಾಗ ಪುಣೆಯ ಜನ ಕೊಂದವರ ಹೆಸರನ್ನು ಮೊದಲು ಹೇಳುತ್ತಾರೆ. ನೀವು ಅವನ ಹೆಸರನ್ನೂ ನೆನಪಿಟ್ಟುಕೊಳ್ಳಿ. ಇವತ್ತು ಸಂಜೆ, ಬಹಳ ದಿನದಿಂದ ಸದ್ದಿಲ್ಲದಿರುವ ನಿಮ್ಮ ಗೆಳೆಯನಿಗೋ ಗೆಳತಿಗೋ ಒಂದು ಫೋನ್ ಮಾಡಿ. ಸಂದೇಶ ಸಾಲದು, ಧ್ವನಿ ಕೇಳಿ.

ಮುಂದಿನ ಸಂಚಿಕೆಯಲ್ಲಿ ಇಷ್ಟು ಭಾರವಿಲ್ಲದ ವಿಷಯದೊಂದಿಗೆ ಭೇಟಿಯಾಗೋಣ.

ನಿಮ್ಮ ಕಾಕು